ಎಚ್‌ಐವಿ ಇರುವ ತಾಯಿಯ ಮಗುವಿಗೆ ಯಾವ ಹಾಲು? ಎದೆಹಾಲು, ಪುಡಿಹಾಲು, ಬಿಸಿಮಾಡಿದ ಎದೆಹಾಲು: ಒಂದು ಹೋಲಿಕೆ

ಹೆರಿಗೆಗೆ ಮೊದಲೇ ಎರಡು ವಿಷಯ ಗೊತ್ತಿದ್ದರೆ ಅರ್ಧ ತೀರ್ಮಾನ ಆದಂತೆಯೇ. ತಾಯಿಯ ಕೊನೆಯ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ವರದಿ ಎಷ್ಟು ತೋರಿಸಿದೆ? ನಡುರಾತ್ರಿ ಎರಡು ಗಂಟೆಗೂ ನೀರು ಕುದಿಸಿ, ಬಟ್ಟಲು ತೊಳೆದು, ಹಾಲು ಕಲಸುವುದು ಆ ಮನೆಯಲ್ಲಿ ಸಾಧ್ಯವೇ, ಅದೂ ಒಂದು ದಿನವೂ ತಪ್ಪದೆ ಆರು ತಿಂಗಳು? ಮೊದಲ ಪ್ರಶ್ನೆ ಎದೆಹಾಲಿನ ಅಪಾಯವನ್ನು ಅಳೆಯುತ್ತದೆ, ಎರಡನೆಯದು ಪುಡಿಹಾಲಿನ ಅಪಾಯವನ್ನು. ಇವೆರಡನ್ನೂ ಬಿಟ್ಟು ‘ಎದೆಹಾಲಲ್ಲಿ ವೈರಸ್ ಇದೆ, ಡಬ್ಬಿಯಲ್ಲಿ ಇಲ್ಲ’ ಎಂದಷ್ಟೇ ಲೆಕ್ಕ ಹಾಕಿದರೆ, ಎಚ್‌ಐವಿಯಿಂದ ಉಳಿಸಿದ ಮಗುವನ್ನು ಭೇದಿಗೆ ಕಳೆದುಕೊಳ್ಳುವ ಸಂಭವವಿದೆ. ಹಾಗೆ ಆಗಿಯೂ ಇದೆ.

ಏನನ್ನು ಎಣಿಸಬೇಕು

ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಬಸಿರು, ಹೆರಿಗೆ, ಹಾಲೂಡಿಕೆ ಮೂರೂ ಸೇರಿ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ಇದರಲ್ಲಿ ಹಾಲಿನಿಂದ ದಾಟುವ ಸಾಧ್ಯತೆಯೇ ಶೇ 5ರಿಂದ 20. ಔಷಧ ಕೈಗೆಟಕದ ಕಾಲದಲ್ಲಿ ನೈರೋಬಿಯಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷ ತುಂಬುವಷ್ಟರಲ್ಲಿ ಎದೆಹಾಲು ಗುಂಪಿನ ಶೇ 36.7 ಮಕ್ಕಳಿಗೆ, ಪುಡಿಹಾಲು ಗುಂಪಿನ ಶೇ 20.5 ಮಕ್ಕಳಿಗೆ ಸೋಂಕು ತಗಲಿತ್ತು. ಇದನ್ನು ನೋಡಿದ ಯಾರಾದರೂ ಡಬ್ಬಿಯತ್ತಲೇ ಕೈಚಾಚುತ್ತಾರೆ.

ಆದರೆ ಸೋಂಕೊಂದನ್ನೇ ಎಣಿಸಿದರೆ ಲೆಕ್ಕ ಮುಗಿಯುವುದಿಲ್ಲ. ಬೋಟ್ಸ್‌ವಾನಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಒಂದು ಗುಂಪಿಗೆ ಪುಡಿಹಾಲು, ಇನ್ನೊಂದಕ್ಕೆ ಎದೆಹಾಲಿನ ಜೊತೆ ಜಿಡೊವುಡಿನ್ ಎಂಬ ಎಚ್‌ಐವಿ ಔಷಧ. ಏಳು ತಿಂಗಳಿಗೆ ಸೋಂಕು ಪುಡಿಹಾಲಿನಲ್ಲಿ ಶೇ 5.6, ಎದೆಹಾಲಿನಲ್ಲಿ ಶೇ 9.0. ಅದೇ ಏಳು ತಿಂಗಳಿಗೆ ಸಾವು ಪುಡಿಹಾಲಿನಲ್ಲಿ ಶೇ 9.3, ಎದೆಹಾಲಿನಲ್ಲಿ ಶೇ 4.9. ಹದಿನೆಂಟು ತಿಂಗಳ ಹೊತ್ತಿಗೆ ಸತ್ತವರನ್ನೂ ಸೋಂಕಿತರನ್ನೂ ಕೂಡಿಸಿ ನೋಡಿದರೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ: ಪುಡಿಹಾಲಿನಲ್ಲಿ ಶೇ 13.9, ಎದೆಹಾಲಿನಲ್ಲಿ ಶೇ 15.1. ಅದೇ ದೇಶದಲ್ಲಿ 2006ರ ಆರಂಭದಲ್ಲಿ ಜೋರು ಮಳೆ, ಪ್ರವಾಹದ ಬೆನ್ನಿಗೆ ಭೇದಿ ಹರಡಿದಾಗ ಅತಿ ಹೆಚ್ಚು ನಲುಗಿದ್ದು ಎದೆಹಾಲು ಕುಡಿಯದ ಕೂಸುಗಳು.

ಆದ್ದರಿಂದ ಎಣಿಸಬೇಕಾದ್ದು ‘ಸೋಂಕಿಲ್ಲದೆ ಬದುಕುಳಿದ ಮಕ್ಕಳು’ ಎಂಬ ಒಂದೇ ಸಂಖ್ಯೆ. ತಾಯಿಗೆ ವೈರಸ್ಸನ್ನು ಹತ್ತಿಕ್ಕುವ ಮೂರು ಔಷಧಗಳ ಚಿಕಿತ್ಸೆ (ಎಆರ್‌ಟಿ) ಬಂದ ಮೇಲೆ ಈ ತಕ್ಕಡಿ ಎದೆಹಾಲಿನ ಕಡೆಗೆ ಪೂರ್ತಿ ವಾಲಿತು. ಹಲವು ದೇಶಗಳಲ್ಲಿ ನಡೆದ ಪ್ರಾಮಿಸ್ ಅಧ್ಯಯನದಲ್ಲಿ ತಾಯಿ ಎಆರ್‌ಟಿ ತೆಗೆದುಕೊಂಡರೂ, ಬದಲಿಗೆ ಮಗುವಿಗೆ ದಿನಾ ನೆವಿರಾಪಿನ್ ಎಂಬ ಎಚ್‌ಐವಿ ಔಷಧ ಕೊಟ್ಟರೂ ಹಾಲಿನ ಮೂಲಕ ಸೋಂಕು ಆರು ತಿಂಗಳಿಗೆ ಸುಮಾರು ಶೇ 0.3, ವರ್ಷಕ್ಕೆ ಶೇ 0.6. ಶೇ 1ಕ್ಕಿಂತ ಕಡಿಮೆ, ಆದರೆ ಸೊನ್ನೆ ಅಲ್ಲ. ಲೈಂಗಿಕ ಸಂಪರ್ಕದ ಬಗ್ಗೆ ‘ವೈರಸ್ ಪತ್ತೆಯಾಗದಿದ್ದರೆ ಹರಡದು’ ಎಂದು ಖಚಿತವಾಗಿ ಹೇಳುತ್ತಾರಲ್ಲ, ಅದೇ ಖಚಿತತೆಯನ್ನು ಎದೆಹಾಲಿಗೆ ಅನ್ವಯಿಸಿ ಹೇಳುವುದಿಲ್ಲ. ರಕ್ತದಲ್ಲಿ ವೈರಸ್ ಕಾಣದಿದ್ದರೂ ಹಾಲಿನಲ್ಲಿರುವ ಜೀವಕೋಶಗಳೊಳಗೆ ಅದು ಅಡಗಿರಬಹುದು.

ಎದೆಹಾಲು, ತಾಯಿಗೆ ಎಆರ್‌ಟಿ

ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆ ಹೀಗಿದೆ: ಎಆರ್‌ಟಿ ತಪ್ಪದೆ ತೆಗೆದುಕೊಳ್ಳುವ ತಾಯಿ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕು, ಆಮೇಲೆ ಮೇಲಾಹಾರದ ಜೊತೆ ಕನಿಷ್ಠ 12 ತಿಂಗಳವರೆಗೆ ಮುಂದುವರಿಸಬೇಕು, 24 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೂ ಆದೀತು. ಶ್ರೀಮಂತ ದೇಶಗಳು ಬಹುಕಾಲ ಎದೆಹಾಲು ಬೇಡವೇ ಬೇಡ ಎನ್ನುತ್ತಿದ್ದವು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2024ರಲ್ಲಿ ನಿಲುವು ಸಡಿಲಿಸಿ, ವೈರಸ್ ಪೂರ್ತಿ ಹತೋಟಿಯಲ್ಲಿದ್ದು ತಾಯಿ ಬಯಸಿದರೆ ಎದೆಹಾಲಿಗೆ ಬೆಂಬಲ ಕೊಡಬೇಕೆಂದಿತು.

‘ಎದೆಹಾಲು ಮಾತ್ರ’ ಎಂದರೆ ಮಾತ್ರವೇ. ನೀರಿಲ್ಲ, ಜೇನಿಲ್ಲ, ಸಕ್ಕರೆ ನೀರಿಲ್ಲ, ನಾಲಿಗೆಗೆ ಸವರುವ ಯಾವುದೂ ಇಲ್ಲ. ವೈದ್ಯರು ಬರೆದ ಔಷಧ, ವಿಟಮಿನ್ ಹನಿ, ಬೇಕಾದಾಗ ಓಆರ್‌ಎಸ್ ಇವಿಷ್ಟಕ್ಕೆ ಅವಕಾಶ.

ಇದು ಕೆಡುವುದು ಮೂರು ಕಡೆ. ಒಂದು, ಮಾತ್ರೆ ತಪ್ಪುವುದು. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ನಿದ್ದೆಗೆಟ್ಟ ತಾಯಿ ಮಗುವಿನ ಸಿರಪ್ ನೆನಪಿಟ್ಟುಕೊಂಡು ತನ್ನ ಮಾತ್ರೆ ಮರೆಯುತ್ತಾಳೆ. ಎಆರ್‌ಟಿ ನಿಂತರೆ ಕೆಲವೇ ದಿನ, ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ. ಎರಡು, ತಾಯಿಯ ವಾಂತಿ ಭೇದಿ. ಮಾತ್ರೆ ನುಂಗಿದರೂ ಮೈಗೆ ಹತ್ತದೆ ಹೋಗಬಹುದು, ಮಗುವಿಗೂ ಹೊಟ್ಟೆ ಕೆಟ್ಟರೆ ಅದರ ಕರುಳಿನ ಒಳಪದರ ಸಡಿಲವಾಗುತ್ತದೆ. ಮೂರು, ಎದೆಯ ತೊಂದರೆ: ಮೊಲೆತೊಟ್ಟು ಬಿರಿಯುವುದು, ಹಾಲು ಕಟ್ಟಿ ಎದೆ ಬಾವು ಬರುವುದು, ಕೀವು ತುಂಬುವುದು. ಬಾವು ಬಂದ ಎದೆಯ ಹಾಲಿನಲ್ಲಿ ವೈರಸ್ ಹೆಚ್ಚು.

ಬಿರಿದ ತೊಟ್ಟಿಗೆ ಮುಲಾಮು ಹುಡುಕುವ ಮೊದಲು ಮಗು ಎದೆ ಹಿಡಿದಿರುವ ಬಗೆ ನೋಡಿ. ತೊಟ್ಟನ್ನಷ್ಟೇ ಚೀಪುತ್ತಿದ್ದರೆ ಬಿರಿಯದೆ ಇನ್ನೇನು? ಬಾಯಿ ಅಗಲವಾಗಿ ತೆರೆದಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಹುಪಾಲು ಬಾಯೊಳಗಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ಗದ್ದ ಎದೆಗೆ ತಾಗಿರಬೇಕು. ಕುಡಿಯುವಾಗ ನುಂಗುವ ಸದ್ದು ಕೇಳಬೇಕು, ಚಪ್ಪರಿಸುವ ಸದ್ದಲ್ಲ. ಒಂದೇ ಎದೆ ಬಾತಿದ್ದರೆ ಇನ್ನೊಂದರಿಂದ ಕುಡಿಸಿ, ಬಾತ ಎದೆಯ ಹಾಲನ್ನು ದಿನಕ್ಕೆ ಹಲವು ಸಲ ಹಿಂಡಿ ಚೆಲ್ಲಬೇಕು. ಹಿಂಡದೆ ಬಿಟ್ಟರೆ ಬಾವು ಬಲಿಯುತ್ತದೆ.

ಮಗುವಿಗೂ ಔಷಧ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ ಹುಟ್ಟುತೂಕ 2.5 ಕೆ.ಜಿ. ಅಥವಾ ಹೆಚ್ಚಿದ್ದರೆ ಆರು ವಾರ ದಿನಕ್ಕೊಮ್ಮೆ ನೆವಿರಾಪಿನ್ 15 ಮಿ.ಗ್ರಾಂ.; 1 ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಇರುವ ಸಿರಪ್ ಆದರೆ 1.5 ಮಿ.ಲೀ. ತೂಕ 2 ಕೆ.ಜಿ.ಯಿಂದ 2.5ರ ಒಳಗಿದ್ದರೆ 10 ಮಿ.ಗ್ರಾಂ. ಅದಕ್ಕೂ ಕಡಿಮೆ ತೂಕದ ಕೂಸಿನ ಪ್ರಮಾಣ ವೈದ್ಯರೇ ಲೆಕ್ಕ ಹಾಕಬೇಕು. ಅಳತೆ ಸಿರಿಂಜಿನಲ್ಲೇ ಆಗಬೇಕು, ಅಡುಗೆಮನೆ ಚಮಚದಲ್ಲಲ್ಲ. ಹೆರಿಗೆಗೆ ಮುಂಚೆ ತಾಯಿಗೆ ನಾಲ್ಕು ವಾರವೂ ಎಆರ್‌ಟಿ ಸಿಕ್ಕಿಲ್ಲ, ಹೆರಿಗೆಗೆ ಹತ್ತಿರದ ವೈರಲ್ ಲೋಡ್ ಒಂದು ಮಿ.ಲೀ.ಗೆ 1,000 ಮೀರಿದೆ, ಅಥವಾ ಬಸಿರಿನಲ್ಲೋ ಹಾಲೂಡಿಸುವಾಗಲೋ ಹೊಸದಾಗಿ ಸೋಂಕು ತಗಲಿದೆ ಎಂದಾದರೆ ಮಗು ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಸಲಹೆಯಂತೆ ಆಗ ಎರಡು ಔಷಧ, ಎದೆಹಾಲು ಕುಡಿಯುವ ಮಗುವಿಗೆ 12 ವಾರ.

ಪೂರ್ತಿ ಪುಡಿಹಾಲು

ಹುಟ್ಟಿದ ದಿನದಿಂದಲೇ ಹಿಡಿದರೆ ಹಾಲಿನ ಮೂಲಕ ಸೋಂಕು ದಾಟುವ ದಾರಿ ಪೂರ್ತಿ ಮುಚ್ಚುತ್ತದೆ. ಬೇರೆ ಯಾವ ದಾರಿಗೂ ಈ ಮಾತು ಹೇಳಲಾಗದು. ತಾಯಿಯ ವೈರಲ್ ಲೋಡ್ ಇಳಿಯದೇ ಇದ್ದರೆ, ಎಆರ್‌ಟಿ ಸಿಗದಿದ್ದರೆ ಅಥವಾ ಆಕೆಯೇ ಬೇಡವೆಂದು ತೀರ್ಮಾನಿಸಿದ್ದರೆ, ಜೊತೆಗೆ ಮನೆಯಲ್ಲಿ ಅನುಕೂಲವಿದ್ದರೆ ಇದೇ ಸರಿಯಾದ ಆಯ್ಕೆ.

ಅನುಕೂಲ ಎಂದರೆ ಎಷ್ಟು? ಆರು ತಿಂಗಳಿಗೆ ಒಟ್ಟು ಸುಮಾರು 20 ಕೆ.ಜಿ. ಪುಡಿ, ಅರ್ಧ ಕೆ.ಜಿ.ಯ 40 ಡಬ್ಬಿ. ಮೊದಲ ತಿಂಗಳು ನಾಲ್ಕು ಡಬ್ಬಿ ಸಾಕಾಗುತ್ತದೆ, ಎರಡನೇ ತಿಂಗಳು ಆರು, ಆಮೇಲೆ ಎರಡು ತಿಂಗಳು ಏಳೇಳು, ಕೊನೆಯ ಎರಡು ತಿಂಗಳು ಎಂಟೆಂಟು. ಮೊದಲ ತಿಂಗಳ ಖರ್ಚು ನೋಡಿ ‘ನಿಭಾಯಿಸಬಹುದು’ ಎಂದವರು ಐದನೇ ತಿಂಗಳಲ್ಲಿ ಕೈಚೆಲ್ಲುವುದು ಇದರಿಂದ: ಆ ಹೊತ್ತಿಗೆ ಬೇಡಿಕೆ ದುಪ್ಪಟ್ಟಾಗಿರುತ್ತದೆ. ಪುಡಿ ತೀರುತ್ತಾ ಬಂದಾಗ ಕೈ ತಾನಾಗಿ ನೀರು ಜಾಸ್ತಿ ಹಾಕುತ್ತದೆ. ಮಗು ಹೊಟ್ಟೆ ತುಂಬಾ ಕುಡಿದು ಮಲಗಿದಂತೆ ಕಾಣುತ್ತದೆ, ತೂಕ ಮಾತ್ರ ಏರುವುದಿಲ್ಲ.

ದಿನದ ಅಳತೆ ಒಂದು ಕೆ.ಜಿ. ತೂಕಕ್ಕೆ 150 ಮಿ.ಲೀ. ಮೂರು ಕೆ.ಜಿ. ಕೂಸಿಗೆ ದಿನಕ್ಕೆ 450 ಮಿ.ಲೀ., 60 ಮಿ.ಲೀ.ಯಂತೆ ಸುಮಾರು ಎಂಟು ಸಲ. ನಾಲ್ಕು ಕೆ.ಜಿ. ಆದಾಗ 90 ಮಿ.ಲೀ.ಯ ಏಳು ಸಲ. ಐದು ಕೆ.ಜಿ.ಗೆ 120 ಮಿ.ಲೀ.ಯ ಆರು ಸಲ, ಆರು ಕೆ.ಜಿ.ಗೆ 150 ಮಿ.ಲೀ.ಯ ಆರು ಸಲ.

ಒಂದು ಸಲದ 90 ಮಿ.ಲೀ. ಕಲಸುವುದನ್ನೇ ನೋಡಿ. ಬಟ್ಟಲು, ಚಮಚ, ಅಳತೆ ಲೋಟ ಸೋಪಿನಲ್ಲಿ ತೊಳೆದು ನೀರಿನಲ್ಲಿ ಕುದಿಸಿಟ್ಟಿರಬೇಕು. ಕೈ ತೊಳೆದು, ಕುಡಿಯುವ ನೀರು ಮರಳುವಷ್ಟು ಕುದಿಸಿ. ಇಳಿಸಿದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಬಿಡಬೇಡಿ, ನೀರು 70 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಡಬ್ಬಿಯೊಳಗಿನ ಪುಡಿ ಕ್ರಿಮಿರಹಿತವಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕ್ರೊನೋಬ್ಯಾಕ್ಟರ್, ಸಾಲ್ಮೊನೆಲ್ಲಾ ಅದರಲ್ಲಿರಬಹುದು, ಅವನ್ನು ಕೊಲ್ಲುವುದು ಈ ಬಿಸಿನೀರೇ. ಮೊದಲು ನೀರು ಅಳೆದು ಸುರಿಯಿರಿ, ಆಮೇಲೆ ಪುಡಿ. ಎಷ್ಟೋ ಡಬ್ಬಿಗಳಲ್ಲಿ 30 ಮಿ.ಲೀ.ಗೆ ಒಂದು ಅಳತೆ ಚಮಚ, ಅಂದರೆ 90ಕ್ಕೆ ಮೂರು. ಎಲ್ಲದರಲ್ಲೂ ಹಾಗಿಲ್ಲ, ಲೇಬಲ್ ಓದಲೇಬೇಕು. ಚಮಚ ಅದೇ ಡಬ್ಬಿಯದ್ದಾಗಿರಲಿ, ಪುಡಿಯನ್ನು ಅದುಮದೆ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಕಲಸಿ, ಬಟ್ಟಲನ್ನು ತಣ್ಣೀರಿನಲ್ಲಿ ಇಟ್ಟು ಆರಿಸಿ, ಮುಂಗೈ ಮೇಲೆ ಹನಿ ಬಿಟ್ಟು ನೋಡಿ. ಎರಡು ಗಂಟೆಯೊಳಗೆ ಕುಡಿಯದೆ ಉಳಿದದ್ದನ್ನು ಚೆಲ್ಲಬೇಕು. ‘ಪಾಪ, ಅರ್ಧ ಉಳಿದಿದೆ’ ಎಂದು ಮುಂದಿನ ಹೊತ್ತಿಗೆ ಇಟ್ಟದ್ದೇ ಭೇದಿಗೆ ದಾರಿ.

ಬಾಟಲಿಗಿಂತ ಬಟ್ಟಲು ವಾಸಿ. ರಬ್ಬರ್ ನಿಪ್ಪಲಿನ ಸಂದಿ ಎಷ್ಟು ಉಜ್ಜಿದರೂ ಚೊಕ್ಕವಾಗುವುದಿಲ್ಲ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಬಟ್ಟಲಿನ ಅಂಚನ್ನು ಕೆಳತುಟಿಗೆ ತಾಗಿಸಿದರೆ ಅದೇ ನೆಕ್ಕಿ ಹೀರುತ್ತದೆ. ಬಾಯಿಗೆ ಸುರಿಯಬಾರದು, ಒಳಲೆಯಲ್ಲಿ ಕುಡಿಸುವವರು ಇದನ್ನು ಇನ್ನಷ್ಟು ಗಮನಿಸಬೇಕು.

ಹಾಲು ಬತ್ತುವವರೆಗೆ ಎದೆ ಬಿಗಿಯುತ್ತದೆ. ಬಿಗಿ ತಾಳದಷ್ಟಾದಾಗ ಹಾಯೆನಿಸುವಷ್ಟು ಮಾತ್ರ ಹಿಂಡಿದರೆ ಸಾಕು, ಪೂರ್ತಿ ಖಾಲಿ ಮಾಡಿದರೆ ಮತ್ತೆ ತುಂಬುತ್ತದೆ. ಹಾಲು ನಿಲ್ಲಿಸುವ ಮಾತ್ರೆಯೂ ಇದೆ. ರಕ್ತದೊತ್ತಡ ಇದ್ದವರಿಗೆ ಅದು ಹೊಂದದಿರಬಹುದಾದ್ದರಿಂದ ವೈದ್ಯರನ್ನು ಕೇಳದೆ ನುಂಗಬಾರದು.

ಇನ್ನೊಂದು ತೊಡಕು ಹಾಲಿನದ್ದಲ್ಲ, ಮನೆಯವರ ಬಾಯಿಯದ್ದು. ‘ಎದೆ ಯಾಕೆ ಕೊಡ್ತಿಲ್ಲ?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದ ತಾಯಿ, ಬಂದವರೆದುರು ಒಂದೆರಡು ಸಲ ಎದೆ ಕೊಟ್ಟುಬಿಡುತ್ತಾಳೆ. ಮನೆಯಲ್ಲಿ ಯಾರಿಗೂ ವಿಷಯ ತಿಳಿಸದೆ ಪುಡಿಹಾಲು ಆಯ್ದುಕೊಳ್ಳುವವರು ಈ ಪ್ರಶ್ನೆಗೆ ಏನು ಹೇಳಬೇಕೆಂದು ಮೊದಲೇ ಯೋಚಿಸಿಟ್ಟುಕೊಳ್ಳಲಿ.

ಎರಡನ್ನೂ ಬೆರೆಸಿದರೆ

ಔಷಧವಿಲ್ಲದೆ ಎದೆಹಾಲನ್ನೂ ಹೊರಗಿನದ್ದನ್ನೂ ಒಟ್ಟಿಗೆ ಕೊಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಡರ್ಬನ್‌ನಿಂದ 1999ರಲ್ಲಿ ಬಂದ ವರದಿ ಇದನ್ನು ಮೊದಲು ಎತ್ತಿ ತೋರಿಸಿತು. ದಕ್ಷಿಣ ಆಫ್ರಿಕಾದ್ದೇ 2007ರ ಇನ್ನೊಂದು ಅಧ್ಯಯನದಲ್ಲಿ, ಎದೆಹಾಲು ಮಾತ್ರ ಕುಡಿದ ಕೂಸುಗಳಿಗೆ ಹೋಲಿಸಿದರೆ ಜೊತೆಗೆ ಗಟ್ಟಿ ಆಹಾರ ತಿಂದವಕ್ಕೆ ಸೋಂಕಿನ ಅಪಾಯ ಸುಮಾರು 11 ಪಟ್ಟು, ಪುಡಿಹಾಲು ಸೇರಿಸಿದವಕ್ಕೆ ಎರಡು ಪಟ್ಟಿನ ಹತ್ತಿರ ಇತ್ತು. ಎಳೆಯ ಕರುಳಿನ ಒಳಪದರ ಹೊರಗಿನ ಆಹಾರಕ್ಕೆ, ಅದರ ಜೊತೆ ಬರುವ ಕ್ರಿಮಿಗಳಿಗೆ ಕೆರಳಿ ಸೂಕ್ಷ್ಮವಾಗಿ ಗಾಯವಾಗುತ್ತದೆ, ಹಾಲಿನಲ್ಲಿ ಬಂದ ವೈರಸ್‌ಗೆ ಅಲ್ಲೇ ಬಾಗಿಲು ಎಂಬುದು ಇದಕ್ಕೆ ಕೊಡುವ ವಿವರಣೆ.

ಈ ಅಂಕಿಗಳು ಎಆರ್‌ಟಿಗೆ ಮುಂಚಿನವು ಎಂಬುದನ್ನು ಮರೆತು ಬೆದರಿಸುವವರೂ ಇದ್ದಾರೆ. ತಾಯಿ ಎಆರ್‌ಟಿ ಮೇಲಿದ್ದು, ಯಾರೋ ಮಗುವಿಗೆ ನೀರು ಕುಡಿಸಿಬಿಟ್ಟರೆಂದು ಎದೆಹಾಲು ನಿಲ್ಲಿಸಬೇಕಾಗಿಲ್ಲ. ನೀರು ನಿಲ್ಲಿಸಿ, ಹಾಲು ಮುಂದುವರಿಸಿ.

ಹಿಂಡಿ ಬಿಸಿಮಾಡಿದ ಎದೆಹಾಲು

ಇದು ತಿಂಗಳುಗಟ್ಟಲೆ ನಡೆಸುವ ದಾರಿಯಲ್ಲ, ನಡುವಿನ ಸೇತುವೆ. ಎದೆ ಚೀಪಲಾಗದ ಕಡಿಮೆ ತೂಕದ ಕೂಸು, ತಾಯಿಗೆ ತಾತ್ಕಾಲಿಕ ಕಾಯಿಲೆ ಅಥವಾ ಎದೆ ಬಾವು, ಕೆಲವು ದಿನ ಎಆರ್‌ಟಿ ಸಿಗದಿರುವುದು, ಎದೆ ಬಿಡಿಸುವ ವಾರಗಳು: ಇಂಥ ಹೊತ್ತಿಗೆ.

ಹಾಲನ್ನು 50ರಿಂದ 150 ಮಿ.ಲೀ.ಯಷ್ಟು ಶುದ್ಧವಾದ ಗಾಜಿನ ಜಾಡಿಗೆ ಹಿಂಡಿ. ಮುಚ್ಚಳ ಹಾಕದೆ ಜಾಡಿಯನ್ನು ಸಣ್ಣ ಪಾತ್ರೆಯಲ್ಲಿಟ್ಟು, ಹಾಲಿನ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಬರುವಷ್ಟು ನೀರು ತುಂಬಿ. ದೊಡ್ಡ ಉರಿಯಲ್ಲಿ ನೀರು ಕೊತಕೊತ ಕುದಿಯಲು ಶುರುವಾದ ಕೂಡಲೇ ಜಾಡಿಯನ್ನು ಹೊರತೆಗೆಯಿರಿ. ಆ ಹೊತ್ತಿಗೆ ಹಾಲು 70 ಡಿಗ್ರಿ ದಾಟಿರುತ್ತದೆ, ವೈರಸ್ ಸಾಯಲು ಅಷ್ಟು ಸಾಕು. ಹಾಲನ್ನೇ ಒಲೆಯ ಮೇಲೆ ಕುದಿಸಿದರೆ ಪೋಷಕಾಂಶ, ರೋಗನಿರೋಧಕ ಅಂಶ ಹೆಚ್ಚು ಹಾಳು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಿಟ್ಟರೂ ಅದೇ ಕಥೆ. ಮುಚ್ಚಿ ಆರಿಸಿ ಬಟ್ಟಲಲ್ಲಿ ಕುಡಿಸಿ.

ಹಾಲಿನ ಬ್ಯಾಂಕಿನಲ್ಲಿ 62.5 ಡಿಗ್ರಿಯಲ್ಲಿ 30 ನಿಮಿಷ ಇಟ್ಟ ದಾನದ ಹಾಲೂ ಸುರಕ್ಷಿತ, ಆದರೆ ಅದು ಮೊದಲು ಸಲ್ಲುವುದು ಆಸ್ಪತ್ರೆಯಲ್ಲಿರುವ ಅವಧಿಪೂರ್ವ ಶಿಶುಗಳಿಗೆ. ಹಸು, ಎಮ್ಮೆ ಹಾಲಿಗೆ ನೀರು, ಸಕ್ಕರೆ ಸೇರಿಸಿ ಆರು ತಿಂಗಳೊಳಗಿನ ಕೂಸಿಗೆ ಕೊಡುವ ಹಳೆಯ ಸೂತ್ರವನ್ನು ಕೈಬಿಡಿ. ನೀರು ಬೆರೆಸಿ ಪ್ರೋಟೀನು, ಉಪ್ಪಿನಂಶ ತಗ್ಗಿಸಬಹುದು; ಕಬ್ಬಿಣ, ಸತು, ಬೇಕಾದ ಕೊಬ್ಬಿನಾಮ್ಲಗಳನ್ನು ಎಲ್ಲಿಂದ ತರುವುದು?

ಆರು ತಿಂಗಳ ನಂತರ

ಈಗ ಎಲ್ಲ ದಾರಿಗೂ ಗಟ್ಟಿ ಆಹಾರ ಕೂಡುತ್ತದೆ. ಎದೆಹಾಲು ಕುಡಿಯುವ ಮಗುವಿಗೆ 6–8 ತಿಂಗಳಲ್ಲಿ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲರಿ, 9–11 ತಿಂಗಳಲ್ಲಿ 300, ವರ್ಷ ದಾಟಿದ ಮೇಲೆ 550 ಬೇಕು. ಮೊದಲು ಎರಡು ಮೂರು ಊಟ, ಆಮೇಲೆ ಮೂರು ನಾಲ್ಕು. ಎದೆಹಾಲಿಲ್ಲದ ಮಗುವಿಗೆ ನಾಲ್ಕೈದು ಊಟದ ಜೊತೆ ದಿನಕ್ಕೆ ಅರ್ಧ ಲೀಟರಿನಷ್ಟು ಹಾಲೂ ಬೇಕು. ಈ ವಯಸ್ಸಿಗೆ ಕುದಿಸಿದ ಹಸುವಿನ ಹಾಲು ನಡೆಯುತ್ತದೆ.

ಎದೆ ಬಿಡಿಸುವುದಾದರೆ ಒಂದು ತಿಂಗಳಿನುದ್ದಕ್ಕೆ ನಿಧಾನವಾಗಿ ಬಿಡಿಸಿ. ನಾಲ್ಕನೇ ತಿಂಗಳಿಗೆ ಥಟ್ಟನೆ ನಿಲ್ಲಿಸಿದರೆ ಒಳಿತೇ ಎಂದು ಜಾಂಬಿಯಾದಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕಿಲ್ಲದೆ ಬದುಕುಳಿದವರ ಸಂಖ್ಯೆ ಹೆಚ್ಚಲಿಲ್ಲ. ಥಟ್ಟನೆ ನಿಂತಾಗ ಎದೆ ಕಟ್ಟುತ್ತದೆ, ಹಾಲಿನ ವೈರಸ್ ಏರುತ್ತದೆ. ಆಗ ಅಳುವ ಮಗುವಿಗೆ ಮನಸ್ಸು ತಡೆಯದೆ ಒಮ್ಮೆ ಎದೆ ಕೊಟ್ಟರೆ ಅದು ಅತಿ ಅಪಾಯದ ಒಂದು ಸಲ.

ಪರೀಕ್ಷೆ ಮತ್ತು ಬೆಳವಣಿಗೆ

ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು (ಸೋಂಕಿನ ವಿರುದ್ಧ ಆಕೆಯ ದೇಹ ತಯಾರಿಸಿದ ಅಂಶಗಳು) 18 ತಿಂಗಳವರೆಗೂ ಉಳಿಯಬಹುದು. ಹಾಗಾಗಿ ಅಲ್ಲಿಯವರೆಗೆ ಸಾಮಾನ್ಯ ಪ್ರತಿಕಾಯ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದರೂ ಅದರಿಂದ ಏನೂ ಖಚಿತವಾಗದು. ವೈರಸ್ಸನ್ನೇ ಹುಡುಕುವ ಪರೀಕ್ಷೆ 4–6 ವಾರಕ್ಕೆ, ಮತ್ತೆ 9 ತಿಂಗಳಿಗೆ ಆಗಬೇಕು. ಕೊನೆಯ ಉತ್ತರ ಸಿಗುವುದು 18 ತಿಂಗಳಿಗೆ ಅಥವಾ ಎದೆಹಾಲು ನಿಲ್ಲಿಸಿ ಮೂರು ತಿಂಗಳಿಗೆ, ಯಾವುದು ತಡವೋ ಆಗ. ಆರು ವಾರಕ್ಕೆ ‘ನೆಗೆಟಿವ್’ ಎಂದು ನಿರಾಳವಾಗಿ ಮುಂದಿನ ಪರೀಕ್ಷೆ ತಪ್ಪಿಸುವುದೇ ಇಲ್ಲಿ ಎದ್ದು ಕಾಣುವ ತಪ್ಪು. ಹಾಲು ಇನ್ನೂ ನಡೆಯುತ್ತಿದೆಯಲ್ಲ!

ತೂಕದ ಗೆರೆ ಪರೀಕ್ಷೆಗಿಂತ ಮುಂಚೆ ಮಾತಾಡುತ್ತದೆ. ಮೊದಲ ದಿನಗಳಲ್ಲಿ ಶೇ 7–10ರಷ್ಟು ಇಳಿದ ತೂಕ ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಮೊದಲ ಮೂರು ತಿಂಗಳು ದಿನಕ್ಕೆ 20–30 ಗ್ರಾಂ. ಏರಿಕೆ, ಐದಾರು ತಿಂಗಳಿಗೆ ಹುಟ್ಟುತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಚಾರ್ಟ್ ರೂಪುಗೊಂಡದ್ದು ಎದೆಹಾಲು ಕುಡಿದ ಮಕ್ಕಳ ಅಳತೆಯಿಂದ. ಪುಡಿಹಾಲಿನ ಮಗು ಮೂರು ನಾಲ್ಕು ತಿಂಗಳ ನಂತರ ಸ್ವಲ್ಪ ಬೇಗ ತುಂಬಿಕೊಳ್ಳುತ್ತದೆ. ಪಕ್ಕದ ಮಗುವನ್ನು ನೋಡಿ ‘ನನ್ನ ಹಾಲು ಸಾಲುತ್ತಿಲ್ಲ’ ಎಂದು ಡಬ್ಬಿ ತೆರೆಯುವ ಮೊದಲು ಚಾರ್ಟ್ ನೋಡಿ. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ಗೆರೆ ಮೇಲಕ್ಕೇ ಹೋಗುತ್ತಿದ್ದರೆ ಹಾಲು ಸಾಲುತ್ತಿದೆ.

ಸೋಂಕು ತಗಲದಿದ್ದರೂ ಎಚ್‌ಐವಿ ಇರುವ ತಾಯಂದಿರ ಮಕ್ಕಳು ಸರಾಸರಿಯಲ್ಲಿ ತುಸು ಕಡಿಮೆ ತೂಕ, ಎತ್ತರ ಇರುವುದುಂಟು, ನ್ಯುಮೋನಿಯಾ, ಭೇದಿಯೂ ಹೆಚ್ಚು. ಗೆರೆ ಅಡ್ಡಡ್ಡ ಮಲಗಿದರೆ ಮೊದಲು ಕುಡಿಸುವ ಬಗೆ, ಅಳತೆ ಪರಿಶೀಲಿಸಿ. ಆಮೇಲೆ ಬಾಯಿ ತೆರೆಸಿ ನೋಡಿ: ನಾಲಿಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರ ಇದ್ದರೆ ಅದು ಅಗ್ರ (ಬಾಯಿಯ ಶಿಲೀಂಧ್ರ ಸೋಂಕು), ಆ ನೋವಿಗೆ ಮಗು ಕುಡಿಯುವುದನ್ನು ಬಿಟ್ಟಿರಬಹುದು. ಅಗ್ರ ಮತ್ತೆ ಮತ್ತೆ ಮರಳಿದರೆ, ಗೆರೆ ಇಳಿದರೆ, ಮುಂದಿನ ತಾರೀಖಿಗೆ ಕಾಯದೆ ವೈರಸ್ ಪರೀಕ್ಷೆ ಮಾಡಿಸಿ. 4–6 ವಾರದಿಂದ ಶುರುಮಾಡುವ, ಬೇರೆ ಸೋಂಕುಗಳನ್ನು ತಡೆಯುವ ಕೊಟ್ರಿಮಾಕ್ಸಜೋಲ್ ಸಿರಪ್ ಎಚ್‌ಐವಿ ಸೋಂಕಿಲ್ಲವೆಂದು ಖಚಿತವಾಗುವ ತನಕ ನಿಲ್ಲಬಾರದು.

ಫಲಿತಾಂಶ ಪಾಸಿಟಿವ್ ಬಂದರೆ ಎರಡನೇ ಮಾದರಿ ಕಳಿಸಿ, ಅದರ ಉತ್ತರಕ್ಕೆ ಕಾಯದೆ ಮಗುವಿಗೆ ಎಆರ್‌ಟಿ ಶುರುಮಾಡಬೇಕು. ಚಿಕಿತ್ಸೆ ಸಿಗದ ಸೋಂಕಿತ ಮಕ್ಕಳಲ್ಲಿ ಅರ್ಧದಷ್ಟು ಎರಡು ವರ್ಷ ದಾಟುವುದಿಲ್ಲ. ದಕ್ಷಿಣ ಆಫ್ರಿಕಾದ 2008ರ ಅಧ್ಯಯನದಲ್ಲಿ ಮೊದಲ ವಾರಗಳಲ್ಲೇ ಔಷಧ ಕೊಟ್ಟಾಗ ಸಾವು ಶೇ 76ರಷ್ಟು ತಗ್ಗಿತು. ಹಾಲಿನ ಲೆಕ್ಕಾಚಾರ ಇಲ್ಲಿ ತಿರುಗಿಬೀಳುತ್ತದೆ: ಎದೆಹಾಲನ್ನು ತಡೆಯಲು ಈಗ ಕಾರಣವೇ ಉಳಿದಿಲ್ಲ, ಎರಡು ವರ್ಷ ಮತ್ತು ಅದಕ್ಕೂ ಹೆಚ್ಚು ಕೊಡಬಹುದು. ಕಾಯಿಲೆಯ ಲಕ್ಷಣವಿಲ್ಲದಿದ್ದರೂ ಸೋಂಕಿತ ಮಗುವಿಗೆ ಶೇ 10ರಷ್ಟು ಹೆಚ್ಚು ಕ್ಯಾಲರಿ ಬೇಕು, ತೂಕ ಕಳೆದುಕೊಳ್ಳುತ್ತಿದ್ದರೆ ಶೇ 50ರಿಂದ 100ರಷ್ಟು ಹೆಚ್ಚು.